ಯಾವ ನೀರಿನ ಮೀನು? ಕರಾವಳಿಯ ಮೀನುಗಳ ಜೀನೋಮ್ ಓದುವ ಕೆಲಸದ ಬಗ್ಗೆ

ಕಾರವಾರದಲ್ಲಿ ಮೀನುಗಾರ ಕುಟುಂಬದವರು, ಕಾಲೇಜು ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಅವಸರದಲ್ಲಿ ದಾಟಿ ಹೋದ ಕೆಲವು ಸಂಗತಿಗಳನ್ನು ಬಿಡಿಸಿ ಹೇಳಿದ್ದೇನೆ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳ ಉತ್ತರಗಳನ್ನು ಆಯಾ ಜಾಗದಲ್ಲಿಯೇ ಸೇರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೈತಕೋಲ್ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಮಾದರಿ ತೆಗೆಯುತ್ತ ಕುಳಿತಿದ್ದಾಗ, ಬುಟ್ಟಿ ತುಂಬಿಸಿಕೊಳ್ಳಲು ಬಂದಿದ್ದ ಹಿರಿಯ ಹೆಂಗಸೊಬ್ಬರು ನನ್ನ ಪಕ್ಕ ನಿಂತು, ನಾನು ಮೀನಿನ ಕಿವಿರಿನಿಂದ ಚೂರು ಕತ್ತರಿಸಿ ಸಣ್ಣ ಕೊಳವೆಗೆ ಹಾಕುವುದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಅಲ್ಲ ತಮಾ, ನೀ ಮೀನಿನ ಜಾತಕ ಓದ್ತೆ ಅಂತಾರಲ್ಲ, ಹಂಗಾರೆ ತಾರ್ಲೆ ಎಲ್ಲಿ ಹೋಯ್ತು ಹೇಳು ನೋಡ್ವಾ." ಅಂದು ನಾನು ಕೊಟ್ಟ ಉತ್ತರ ಅವರಿಗೆ ಸಮಾಧಾನ ತರಲಿಲ್ಲ, ನನಗೂ ತರಲಿಲ್ಲ. ಇಂದಿನ ನನ್ನ ಮಾತು ಆ ಪ್ರಶ್ನೆಗೆ ಇನ್ನಷ್ಟು ಸರಿಯಾದ ಉತ್ತರ ಕೊಡುವ ಪ್ರಯತ್ನ ಎಂದು ಭಾವಿಸಬೇಕು.

ಮೊದಲು ತಾರ್ಲೆಯ ವಿಷಯವನ್ನೇ ತೆಗೆದುಕೊಳ್ಳೋಣ. ಮಂಗಳೂರು ಕಡೆ ಬೂತಾಯಿ ಎಂದು ಕರೆಯುವ ಈ ಮೀನಿಗೆ ಫ್ರಾನ್ಸಿನ ವಲೆನ್ಸಿಯೆನ್ 1847ರಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟನು. ಇದರ ಆಯುಷ್ಯ ಹೆಚ್ಚೆಂದರೆ ಎರಡು, ಎರಡೂವರೆ ವರ್ಷ. ಹುಟ್ಟಿದ ಒಂದು ವರ್ಷದೊಳಗೆ ಬಲಿತು, ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆ ಇಡುತ್ತದೆ. ಮುಂಗಾರಿನಲ್ಲಿ ಆಳದ ತಂಪು ನೀರು ಮೇಲೆದ್ದು ಬಂದಾಗ ಬೆಳೆಯುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯೇ ಅದರ ಮುಖ್ಯ ಆಹಾರ. ಇಷ್ಟು ಕಡಿಮೆ ಆಯುಷ್ಯದ ಮೀನಿಗೆ ಕೂಡಿಟ್ಟ ಗಂಟು ಎಂಬುದಿಲ್ಲ. ಒಂದು ವರ್ಷ ಮರಿಗಳು ಬದುಕದಿದ್ದರೆ ಮರುವರ್ಷವೇ ಬಲೆ ಬರಿದಾಗುತ್ತದೆ. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲು ಬಿಸಿಯಾದದ್ದು, ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಹವಾಮಾನ ಏರುಪೇರಾಗುವ ಎಲ್ ನಿನೋ, ಮರಿಮೀನುಗಳನ್ನೂ ಬಿಡದೆ ಎಳೆದದ್ದು, ಇವೆಲ್ಲ ಕಾರಣಗಳನ್ನು ವಿಜ್ಞಾನಿಗಳು ಚರ್ಚಿಸಿದ್ದಾರೆ. ಆದರೆ ಈ ಎಲ್ಲ ಚರ್ಚೆಯ ಕೆಳಗೆ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಕೇರಳದಲ್ಲಿ ಕಡಿಮೆಯಾದ ತಾರ್ಲೆ ಮತ್ತು ಕಾರವಾರದಲ್ಲಿ ನಾವು ಕಾಯುವ ತಾರ್ಲೆ ಒಂದೇ ಬಳಗದವೇ? ಒಂದೇ ಬಳಗವಾದರೆ ಅಲ್ಲಿ ಹಿಡಿದ ಮರಿ ಇಲ್ಲಿಯ ನಷ್ಟ. ಬೇರೆ ಬೇರೆ ಬಳಗಗಳಾದರೆ ಪ್ರತಿಯೊಂದಕ್ಕೂ ಬೇರೆ ಲೆಕ್ಕ ಇಡಬೇಕು, ಬೇರೆ ನಿಯಮ ಮಾಡಬೇಕು. ಹೀಗೆ ಬಳಗವನ್ನು ಗುರುತಿಸುವ ಕೆಲಸದಲ್ಲಿ ಜೀನೋಮ್ ಓದಿಗೆ ದೊಡ್ಡ ಪಾತ್ರವಿದೆ.

ಜೀವಿಯ ಜೀವಕೋಶಗಳಲ್ಲಿ ಇರುವ ಡಿಎನ್‌ಎಯ ಪೂರ್ಣ ಪಾಠವನ್ನು ಜೀನೋಮ್ ಎನ್ನುತ್ತೇವೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದಿರುವ ಈ ಪಾಠ ಮನುಷ್ಯನಲ್ಲಿ ಸುಮಾರು 310 ಕೋಟಿ ಅಕ್ಷರಗಳಷ್ಟು ಉದ್ದವಿದೆ. ಮೀನುಗಳಲ್ಲಿ ಈ ಉದ್ದ ಬೆರಗುಗೊಳಿಸುವಷ್ಟು ಬದಲಾಗುತ್ತದೆ: 2002ರಲ್ಲಿ ಓದಿದ, ಜಪಾನಿನ ಫುಗು ಎಂಬ ಮೀನಿನಲ್ಲಿ ಸುಮಾರು 40 ಕೋಟಿ ಅಕ್ಷರಗಳಿದ್ದರೆ, 2021ರಲ್ಲಿ ಓದಿದ ಆಸ್ಟ್ರೇಲಿಯಾದ ಶ್ವಾಸಕೋಶದ ಮೀನಿನಲ್ಲಿ 4,300 ಕೋಟಿ. ಯಾವ ಯಂತ್ರವೂ ಇಷ್ಟು ಉದ್ದದ ಪಾಠವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಉಸಿರಿನಲ್ಲಿ ಓದಲಾರದು. ಡಿಎನ್‌ಎಯನ್ನು ಕೋಟಿಗಟ್ಟಲೆ ತುಂಡುಗಳಾಗಿ ಓದಿ, ಒಂದರ ಅಂಚು ಇನ್ನೊಂದರ ಅಂಚಿನೊಂದಿಗೆ ಎಲ್ಲಿ ಹೊಂದುತ್ತದೆ ಎಂದು ಕಂಪ್ಯೂಟರಿನಲ್ಲಿ ಹುಡುಕಿ, ಜೋಡಿಸುತ್ತ ಹೋಗಬೇಕು.

ಈ ಸಭೆಯಲ್ಲಿರುವ ಹಿರಿಯರು ರಂಪಣಿ ಬಲೆಯನ್ನು ಕಂಡವರು. 1970ರ ದಶಕದ ಮಧ್ಯದಲ್ಲಿ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬರುವ ಮೊದಲು ಕಾರವಾರದ ಬಂಗಡೆ ದಡಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ರಂಪಣಿಯಲ್ಲಿಯೇ. ಅನೇಕ ತುಂಡುಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ಆ ಬಲೆ ಸಮುದ್ರಕ್ಕೆ ಇಳಿಯುವಾಗ ಒಂದೇ ಬಲೆಯಾಗುತ್ತಿತ್ತು. ಅದನ್ನು ಎಳೆಯಲು ಹತ್ತಾರು ಜನ ಸಾಲಾಗಿ ನಿಲ್ಲಬೇಕಾಗುತ್ತಿತ್ತು. ಜೀನೋಮ್ ಜೋಡಿಸುವುದೂ ಹೀಗೆ ತುಂಡು ಸೇರಿಸುವ ಕೆಲಸ. ಆದರೆ ಒಂದು ತೊಡಕಿದೆ. ರಂಪಣಿಯ ಎಷ್ಟೋ ತುಂಡುಗಳಲ್ಲಿ ಕಣ್ಣುಗಳು ಒಂದೇ ಅಳತೆಯವು. ಒಂದು ಗೇಣಿನ ಚೂರನ್ನಷ್ಟೇ ಕೈಗೆ ಕೊಟ್ಟರೆ ಅದು ಬಲೆಯ ಯಾವ ಭಾಗದ್ದೆಂದು ಯಾರೂ ಹೇಳಲಾರರು. ಜೀನೋಮಿನಲ್ಲಿಯೂ ಒಂದೇ ಸಾಲು ಸಾವಿರಾರು ಕಡೆ ಮರುಕಳಿಸುತ್ತದೆ. ಹಿಂದಿನ ಯಂತ್ರಗಳು ಒಂದು ಸಲಕ್ಕೆ ನೂರು, ನೂರೈವತ್ತು ಅಕ್ಷರಗಳನ್ನು ಮಾತ್ರ ಓದುತ್ತಿದ್ದುದರಿಂದ ಇಂಥ ಜಾಗಗಳಲ್ಲಿ ಜೋಡಣೆ ತುಂಡಾಗಿಯೇ ಉಳಿಯುತ್ತಿತ್ತು. ಈಗಿನ ಯಂತ್ರಗಳು ಹದಿನೈದು, ಇಪ್ಪತ್ತು ಸಾವಿರ ಅಕ್ಷರಗಳನ್ನು ತಪ್ಪಿಲ್ಲದೆ ಎನ್ನುವಷ್ಟು ಶುದ್ಧವಾಗಿ ಒಟ್ಟಿಗೆ ಓದುತ್ತವೆ. ಆದ್ದರಿಂದಲೇ ಕಳೆದ ಹತ್ತು ವರ್ಷಗಳಲ್ಲಿ ಈ ಕೆಲಸ ಇಷ್ಟು ಮುಂದೆ ಸಾಗಿದೆ.

ತಾರ್ಲೆಯ ಜೀನೋಮನ್ನು ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಬೈತಕೋಲಿನಲ್ಲಿ ಕೇಂದ್ರವಿರುವುದರಿಂದ ಈ ಸಂಸ್ಥೆ ಕಾರವಾರದವರಿಗೆ ಹೊಸದಲ್ಲ. ಸುಮಾರು 108 ಕೋಟಿ ಅಕ್ಷರಗಳ ಆ ಪಾಠದಲ್ಲಿ ಪ್ರೋಟೀನ್ ತಯಾರಿಸುವ 46,316 ಜೀನ್‌ಗಳನ್ನು ಅವರು ಗುರುತಿಸಿದ್ದಾರೆ. ಮನುಷ್ಯನಲ್ಲಿ ಇಂಥ ಜೀನ್‌ಗಳು ಇಪ್ಪತ್ತು ಸಾವಿರದಷ್ಟಿರುವಾಗ ಅಂಗೈ ಉದ್ದದ ಮೀನಿನಲ್ಲಿ ಅದರ ಎರಡು ಪಾಲು ಹೇಗೆ ಬಂತು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಎಣಿಸುವ ವಿಧಾನ ಬದಲಾದರೆ ಸಂಖ್ಯೆಯೂ ಒಂದಿಷ್ಟು ಬದಲಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅದಲ್ಲದೆ, ಇಂದಿನ ಬಹುಪಾಲು ಮೀನುಗಳ ಪೂರ್ವಜನೊಂದರಲ್ಲಿ ಮೂವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇಡೀ ಜೀನೋಮ್ ಇಮ್ಮಡಿಯಾಯಿತು. ಹಾಗೆ ಬಂದ ಜೋಡಿ ಜೀನ್‌ಗಳಲ್ಲಿ ಅನೇಕವು ಅಳಿದರೂ ಕೆಲವು ಉಳಿದು ಹೊಸ ಕೆಲಸಗಳನ್ನು ಕಲಿತವು. ತಾರ್ಲೆಯ ಎಣ್ಣೆಯಲ್ಲಿರುವ, ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಒಮೆಗಾ-3 ಕೊಬ್ಬಿನಾಮ್ಲಗಳನ್ನು ಕಟ್ಟುವ ಜೀನ್‌ಗಳೂ ಈ ಪಾಠದಲ್ಲಿ ಸಿಕ್ಕಿವೆ.

ಆದರೆ ಒಂದು ಮೀನಿನ ಜೀನೋಮ್ ಓದಿದ ಮಾತ್ರಕ್ಕೆ ತಾರ್ಲೆಯ ಬಳಗಗಳ ಗುಟ್ಟು ತಿಳಿಯುವುದಿಲ್ಲ. ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದಾಗ ಕೆಲಸ ಮುಗಿಯಿತೆಂಬ ಭಾವನೆ ಹುಟ್ಟುತ್ತದೆ. ಮೊದಲ ಜೀನೋಮ್ ಒಂದು ಮೂಲಪ್ರತಿ ಮಾತ್ರ. ಅದನ್ನು ಮುಂದಿಟ್ಟುಕೊಂಡು ಬೇರೆ ಬೇರೆ ನೀರಿನ ನೂರಾರು ಮೀನುಗಳನ್ನು ಓದಿ, ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ಹೋಲಿಸಿದಾಗಲೇ ಬಳಗಗಳು ಕಾಣತೊಡಗುತ್ತವೆ. ಯುರೋಪಿನ ಹೆರ್ರಿಂಗ್ ಮೀನು ಇದಕ್ಕೆ ಒಳ್ಳೆಯ ನಿದರ್ಶನ. ತಾರ್ಲೆಯ ದೂರದ ನೆಂಟನಾದ ಆ ಮೀನು ಅಟ್ಲಾಂಟಿಕ್ ಸಾಗರದಲ್ಲಿಯೂ ಉಪ್ಪು ಕಡಿಮೆ ಇರುವ ಬಾಲ್ಟಿಕ್ ಸಮುದ್ರದಲ್ಲಿಯೂ ಇದೆ. ಕೆಲವು ವಸಂತದಲ್ಲಿ ಮೊಟ್ಟೆ ಇಟ್ಟರೆ ಕೆಲವು ಶರತ್ಕಾಲದಲ್ಲಿ ಇಡುತ್ತವೆ. ಹಳೆಯ ವಿಧಾನದಲ್ಲಿ ಡಿಎನ್‌ಎಯ ಕೆಲವೇ ಜಾಗಗಳನ್ನು ನೋಡಿದಾಗ ಇವುಗಳ ನಡುವೆ ಹೆಚ್ಚುಕಡಿಮೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಕೋಟಿಗಟ್ಟಲೆ ಸಂಖ್ಯೆಯ ಹಿಂಡುಗಳಲ್ಲಿ ಅಕ್ಷರಗಳು ಸುಮ್ಮನೆ ಆಕಸ್ಮಿಕವಾಗಿ ಬೇರೆಯಾಗುವುದು ಬಹಳ ನಿಧಾನ. ಬದುಕಿಗೆ ಬೇಕಾದ ಕೆಲವು ಜಾಗಗಳಲ್ಲಿ ಮಾತ್ರ ಪ್ರಕೃತಿ ಆರಿಸಿ ಬೇರ್ಪಡಿಸಿರುತ್ತದೆ, ಹಳೆಯ ವಿಧಾನ ಆ ಜಾಗಗಳನ್ನು ನೋಡಿರಲಿಲ್ಲ. 2016ರಲ್ಲಿ ಪೂರ್ಣ ಜೀನೋಮ್‌ಗಳನ್ನು ಹೋಲಿಸಿದಾಗ ಉಪ್ಪಿಗೆ ಹೊಂದಿಕೊಳ್ಳುವ ಮತ್ತು ಮೊಟ್ಟೆ ಇಡುವ ಋತುವನ್ನು ನಿರ್ಧರಿಸುವ ನೂರಾರು ಜಾಗಗಳು ಒಮ್ಮೆಲೇ ಕಣ್ಣಿಗೆ ಬಿದ್ದವು. ಒಂದೇ ಎಂದು ಹಿಡಿಯುತ್ತಿದ್ದ ಮೀನಿನೊಳಗೆ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ನೀರಿಗೆ ಒಗ್ಗಿದ ಬಳಗಗಳಿದ್ದವು. ಇಷ್ಟು ಸೂಕ್ಷ್ಮವಾದ ಓದನ್ನು ನಮ್ಮ ತಾರ್ಲೆ, ಬಂಗಡೆಗಳಿಗೂ ವಿಸ್ತಾರವಾಗಿ ನಡೆಸಬೇಕೆಂಬುದು ನನ್ನ ಬಹುದಿನದ ಆಸೆ.

ಹಾಗೆ ಓದಬೇಕಾದರೆ ಪ್ರತಿ ಮೀನಿನ ಜೊತೆ ಒಂದು ಮಾತು ಬರಲೇಬೇಕು: ಅದು ಯಾವ ನೀರಿನದು. ಈ ಪಾಠವನ್ನು ನಾನು ನಷ್ಟದಿಂದ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಂಗಾವಳಿ ಮತ್ತು ಅಘನಾಶಿನಿ ಅಳಿವೆಗಳಿಂದ ಒಂದು ಮುಂಗಾರಿನ ಪೂರ್ತಿ ಮೀನುಗಳನ್ನು ಸಂಗ್ರಹಿಸಿ, ಅಂಗಾಂಶದ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಇಟ್ಟು, ಕೊಳವೆಗಳ ಮೇಲೆ ಪೆನ್ನಿನಿಂದ ಸಂಖ್ಯೆ ಬರೆದಿದ್ದೆ. ಪ್ರಯಾಣದಲ್ಲಿ ಒಂದೆರಡು ಕೊಳವೆಗಳ ಮುಚ್ಚಳ ಸಡಿಲವಾಗಿ ಸ್ಪಿರಿಟ್ ಸೋರಿ, ಪೆಟ್ಟಿಗೆಯಲ್ಲಿದ್ದ ಎಲ್ಲ ಕೊಳವೆಗಳ ಶಾಯಿಯೂ ಅಳಿಸಿಹೋಯಿತು. ಡಿಎನ್‌ಎ ಚೆನ್ನಾಗಿಯೇ ಇತ್ತು, ಯಂತ್ರದಲ್ಲಿ ಓದಬಹುದಿತ್ತು. ಆದರೆ ಯಾವ ಮೀನು ಗಂಗಾವಳಿಯದು, ಯಾವುದು ಅಘನಾಶಿನಿಯದು ಎಂದು ಹೇಳುವವರು ಯಾರೂ ಇರಲಿಲ್ಲ. ಎರಡು ನದಿಗಳ ಮೀನುಗಳು ಬೆರೆಯುತ್ತವೆಯೇ ಎಂಬ ಪ್ರಶ್ನೆಗೆ ಆ ಮಾದರಿಗಳಿಂದ ಉತ್ತರ ಸಿಗುವ ಹಾಗೇ ಇರಲಿಲ್ಲ. ಅಂದಿನಿಂದ ಸೀಸದಕಡ್ಡಿಯಲ್ಲಿ ಬರೆದ ಕಾಗದದ ಚೀಟಿಯನ್ನು ಕೊಳವೆಯ ಒಳಗೇ ಹಾಕುತ್ತೇನೆ. ಸೀಸದ ಬರಹವನ್ನು ಸ್ಪಿರಿಟ್ ಅಳಿಸುವುದಿಲ್ಲ.

ಮಾರುಕಟ್ಟೆಯಿಂದ ಮಾದರಿ ತೆಗೆಯುವಾಗ ಇದಕ್ಕಿಂತ ದೊಡ್ಡ ಮೋಸ ಹೋಗುವ ಸಾಧ್ಯತೆ ಇದೆ. ತಾರ್ಲೆಯ ಬರಗಾಲದ ವರ್ಷಗಳಲ್ಲಿ ನಮ್ಮ ಕರಾವಳಿಯ ಪೇಟೆಗಳಿಗೆ ಹೊರ ರಾಜ್ಯಗಳಿಂದ ಐಸ್ ಹಾಕಿದ ತಾರ್ಲೆ ಲಾರಿಗಳಲ್ಲಿ ಬರುತ್ತಿತ್ತು. ಒಮಾನಿನ ತಾರ್ಲೆಯೂ ಭಾರತದ ಪೇಟೆಗಳನ್ನು ತಲುಪಿತ್ತು. ಅದನ್ನು ಕಾರವಾರದ ಮೀನೆಂದು ಬರೆದುಕೊಂಡರೆ ಎಷ್ಟು ಶುದ್ಧವಾಗಿ ಓದಿದರೂ ಫಲಿತಾಂಶ ಸುಳ್ಳೇ. ನಾನು ಆರಂಭದಲ್ಲಿ ಹೇಳಿದ ಆ ಹಿರಿಯ ಹೆಂಗಸು ನನ್ನ ತಟ್ಟೆಯಲ್ಲಿದ್ದ ಕೆಲವು ಮೀನುಗಳನ್ನು ಬೆರಳಿನಿಂದ ಬೇರೆ ಮಾಡಿ, ಇವು ನಮ್ಮ ದೋಣಿಯವಲ್ಲ ಎಂದಿದ್ದರು. ಕಣ್ಣಿನ ಬಣ್ಣ, ಹೊಟ್ಟೆಯ ಮೆತ್ತಗು, ಪೊರೆ ಉದುರಿದ ರೀತಿ, ಇಷ್ಟರಿಂದಲೇ ಐಸಿನಲ್ಲಿ ಎಷ್ಟು ದಿನ ಕಳೆದ ಮೀನು ಎಂದು ಅವರಿಗೆ ಗೊತ್ತಾಗುತ್ತಿತ್ತು. ವಿಚಾರಿಸಿದಾಗ ಅವರ ಮಾತು ನಿಜವಾಗಿತ್ತು. ಆ ತಿಳಿವಳಿಕೆ ನನ್ನ ಪ್ರಯೋಗಾಲಯದ ಯಾವ ಯಂತ್ರದಲ್ಲಿಯೂ ಇರಲಿಲ್ಲ. ಜೀನೋಮ್ ಓದುವ ಕೆಲಸ ಬಂದರಿನ ಕಟ್ಟೆಯ ಮೇಲೆ ಶುರುವಾಗುತ್ತದೆ, ಅಲ್ಲಿಯ ಜನ ಹೇಳುವ ಊರು, ಆಳ, ಬಲೆ ಮತ್ತು ಹೊತ್ತು ಅದರ ಮೊದಲ ಸಾಲುಗಳು ಎಂದು ನಾನು ನಂಬಿರುವುದು ಇಂಥ ಅನುಭವಗಳಿಂದಲೇ.

ಉದ್ದದ ತುಂಡುಗಳನ್ನು ಓದುವ ಯಂತ್ರಕ್ಕೆ ಡಿಎನ್‌ಎಯೂ ಉದ್ದವಾಗಿಯೇ ಇರಬೇಕು. ನಮ್ಮ ಸೆಕೆಯಲ್ಲಿ ಸತ್ತ ಮೀನಿನ ಡಿಎನ್‌ಎ ಕೆಲವೇ ಗಂಟೆಗಳಲ್ಲಿ ಚೂರಾಗತೊಡಗುತ್ತದೆ. ಆದ್ದರಿಂದ ಮೂಲಪ್ರತಿಗೆ ಬೇಕಾದ ಒಂದೆರಡು ಮೀನುಗಳನ್ನು ಜೀವಂತವಾಗಿ ಅಥವಾ ಆಗತಾನೆ ಹಿಡಿದಾಗ ಪಡೆದು, ರಕ್ತ, ಯಕೃತ್ತು, ಸ್ನಾಯುಗಳನ್ನು ದೋಣಿಯಲ್ಲಿಯೇ ತೆಗೆದು, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. ಉಳಿದ ನೂರಾರು ಮೀನುಗಳಿಗೆ ಸ್ಪಿರಿಟ್ ಸಾಕು.

ಇನ್ನು ಘಟ್ಟದ ಮೇಲಿನ ಹೊಳೆಗಳಿಗೆ ಬರುತ್ತೇನೆ, ಏಕೆಂದರೆ ಸಂರಕ್ಷಣೆಯ ದೃಷ್ಟಿಯಿಂದ ನನಗೆ ಹೆಚ್ಚು ಆತಂಕವಿರುವುದು ಅಲ್ಲಿಯ ಮೀನುಗಳ ಬಗ್ಗೆ. ಕಾವೇರಿಯ ಕಥೆಯನ್ನು ಮೊದಲು ಹೇಳಬೇಕು. ಕಾವೇರಿ ದಂಡೆಯವರು ಬಿಳಿಮೀನು ಎನ್ನುವ ಮಹಶೀರ್‌ಗಳಲ್ಲಿ, ಬೆನ್ನು ಉಬ್ಬಿದ ಒಂದು ದೈತ್ಯ ಜಾತಿ ನೂರು ವರ್ಷಗಳಿಗೂ ಹೆಚ್ಚು ಕಾಲ ಗಾಳ ಹಾಕುವವರಲ್ಲಿ ಲೋಕಪ್ರಸಿದ್ಧವಾಗಿತ್ತು. ಅದೇ ನದಿಗೆ 1970ರ ದಶಕದಿಂದ, ಮಹಶೀರ್ ಉಳಿಸಬೇಕೆಂಬ ಸದುದ್ದೇಶದಿಂದಲೇ, ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿದ ಬೇರೊಂದು ಜಾತಿಯ ಮಹಶೀರನ್ನು ತಂದು ಬಿಡಲಾಯಿತು. ತಂದ ಮೀನು ಹೆಚ್ಚಿತು, ಮೂಲದ ಮೀನು ಕುಗ್ಗುತ್ತ ಬಂತು. ಆ ಮೂಲದ ಮೀನಿನ ಸರಿಯಾದ ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿ ಎಂದು ದೇಹದ ಅಳತೆ ಮತ್ತು ಡಿಎನ್‌ಎ ಹೋಲಿಕೆಯಿಂದ ಸ್ಥಿರಪಟ್ಟದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಪಾಯದ ವರ್ಗಕ್ಕೆ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಕಾಣೆಯಾಗುವ ಹಂತದಲ್ಲಿತ್ತು. ಮರಿ ಬಿಟ್ಟವರನ್ನು ದೂರುವುದು ನನ್ನ ಉದ್ದೇಶವಲ್ಲ. ಅಂದು ಅವರ ಕೈಯಲ್ಲಿ ಈ ಸಲಕರಣೆ ಇರಲಿಲ್ಲ. ಇಂದು ನಮ್ಮ ಕೈಯಲ್ಲಿದೆ. ಕಾಳಿಗೆ, ಬೇಡ್ತಿಗೆ, ಶಾಲ್ಮಲೆಗೆ ಹೊರಗಿನ ಮರಿಗಳನ್ನು ತಂದು ಬಿಡುವ ಮೊದಲು, ಅಲ್ಲಿ ಈಗ ಇರುವ ಮೀನು ಯಾವ ವಂಶದ್ದೆಂದು ಓದಿ ನೋಡದೆ ಮುಂದುವರಿದರೆ ಅದನ್ನು ಅಜ್ಞಾನ ಎನ್ನಲಾಗುವುದಿಲ್ಲ.

ಶರಾವತಿ ಕಣಿವೆಯ ಸಣ್ಣ ಮೀನುಗಳ ಸ್ಥಿತಿ ಇನ್ನೂ ಬೇರೆ. ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀಸೆಮೀನನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು 2004ರಲ್ಲಿ. ಸ್ಕಿಸ್ಟುರಾ ನಾಗೋಡಿಯೆನ್ಸಿಸ್ ಮತ್ತು ಸ್ಕಿಸ್ಟುರಾ ಶರಾವತಿಯೆನ್ಸಿಸ್ ಎಂಬ, ಕಲ್ಲಿನ ಸಂದಿಯಲ್ಲಿ ಬದುಕುವ ಎರಡು ಮೀನುಗಳನ್ನು 2006ರಲ್ಲಿ. ಇವಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಆದ್ದರಿಂದ ಮೀನುಗಾರಿಕೆಯ ಲೆಕ್ಕದ ಪುಸ್ತಕದಲ್ಲಿ ಜಾಗವೂ ಇಲ್ಲ. ಲಿಂಗನಮಕ್ಕಿಯಂಥ ಅಣೆಕಟ್ಟು ಬಂದಾಗ ಹರಿಯುವ ತೊರೆಯ ಮೀನು ನಿಂತ ನೀರನ್ನು ದಾಟಲಾರದೆ, ಮೇಲಿನ ಒಂದೊಂದು ತೊರೆಯಲ್ಲಿ ಒಂದೊಂದು ಗುಂಪಾಗಿ ಉಳಿದುಬಿಡುತ್ತದೆ. ಸಣ್ಣ ಗುಂಪಿನೊಳಗೆ ಹತ್ತಿರದ ಸಂಬಂಧದಲ್ಲಿಯೇ ಸಂತಾನ ನಡೆಯುತ್ತದೆ. ಇದನ್ನು ಜೀನೋಮ್ ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ಪ್ರತಿ ಮೀನಿನಲ್ಲಿಯೂ ಪಾಠದ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ತಾಯಿ ತಂದೆ ದೂರದವರಾದರೆ ಎರಡು ಪ್ರತಿಗಳ ನಡುವೆ ಅಲ್ಲಲ್ಲಿ ಪಾಠಾಂತರಗಳು ಸಿಗುತ್ತಲೇ ಇರುತ್ತವೆ. ಹತ್ತಿರದ ರಕ್ತಸಂಬಂಧಿಗಳಾದರೆ ಲಕ್ಷಗಟ್ಟಲೆ ಅಕ್ಷರಗಳ ಉದ್ದಕ್ಕೆ ಎರಡೂ ಒಂದೇ ತೆರನಾಗಿರುತ್ತವೆ. ಹೀಗೆ ಒಂದೇ ಒಂದು ಮೀನಿನ ಎರಡು ಪ್ರತಿಗಳನ್ನು ಹೋಲಿಸಿ, ಅದರ ಗುಂಪು ಈಚೆಗೆ ಕುಗ್ಗಿದೆಯೇ ಎಂಬುದನ್ನೂ, ಸಾವಿರಾರು ವರ್ಷಗಳ ಹಿಂದೆ ಆ ವಂಶ ಎಷ್ಟು ದೊಡ್ಡದಿತ್ತು ಎಂಬುದನ್ನೂ ಅಂದಾಜು ಮಾಡಬಹುದು. ಅಪರೂಪದ ಮೀನನ್ನು ನೂರಾರು ಸಂಖ್ಯೆಯಲ್ಲಿ ಹಿಡಿದು ಕೊಲ್ಲುವ ಅಗತ್ಯ ಬೀಳುವುದಿಲ್ಲ. ಮೂಲಪ್ರತಿ ಸಿದ್ಧವಾದ ಮೇಲೆ ರೆಕ್ಕೆಯ ತುದಿಯ ಚೂರು ತೆಗೆದುಕೊಂಡು ಮೀನನ್ನು ಹೊಳೆಗೇ ಬಿಡಬಹುದು. ನದಿಯೊಂದಕ್ಕೆ ಯೋಜನೆ ಬರುವಾಗ ನಡೆಯುವ ಪರಿಸರ ಅಧ್ಯಯನಗಳಲ್ಲಿ ಇಂಥ ಓದಿಗೂ ಸ್ಥಾನ ಸಿಗಬೇಕು ಎಂದು ನಾನು ಎಲ್ಲ ವೇದಿಕೆಗಳಲ್ಲಿಯೂ ಹೇಳುತ್ತ ಬಂದಿದ್ದೇನೆ. ಹೆಸರುಗಳ ಪಟ್ಟಿಯಲ್ಲಿ ಆ ಜಾತಿ ಇದೆ ಎಂದು ಗುರುತು ಹಾಕಿದರೆ, ಅದು ಎಷ್ಟು ತುಂಡಾಗಿ ಉಳಿದಿದೆ ಎಂಬುದು ತಿಳಿಯುವುದಿಲ್ಲ.

ಮೀನನ್ನು ಮುಟ್ಟದೆ, ನೀರನ್ನಷ್ಟೇ ತೆಗೆದುಕೊಂಡು ಅದರಲ್ಲಿರುವ ಮೀನುಗಳನ್ನು ತಿಳಿಯುವ ವಿಧಾನದ ಬಗ್ಗೆ ಶಿರಸಿಯಿಂದ ಬಂದ ಶಿಕ್ಷಕರೊಬ್ಬರು ಕೇಳಿದರು. ಮೀನಿನ ಲೋಳೆ, ಪೊರೆ, ಮಲಗಳಿಂದ ನೀರಿಗೆ ಸೇರಿದ ಡಿಎನ್‌ಎಯನ್ನು ಸೋಸಿ ಓದುವ ವಿಧಾನವಿದೆ. ಮೀನುಗಳಿಗಾಗಿಯೇ ಜಪಾನಿನ ವಿಜ್ಞಾನಿಗಳು 2015ರಲ್ಲಿ ರೂಪಿಸಿದ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ. ಸುಮಾರು 170 ಅಕ್ಷರಗಳ ಒಂದು ಚಿಕ್ಕ ಸಾಲನ್ನು ಓದಿ ಅದು ಯಾವ ಮೀನಿನದೆಂದು ಈ ಕ್ರಮ ಹೇಳುತ್ತದೆ. ಶಿರಸಿಯಲ್ಲಿ ಹುಟ್ಟಿ, ಯಾವ ದೊಡ್ಡ ಅಣೆಕಟ್ಟೂ ಇಲ್ಲದೆ ಕಡಲು ಸೇರುವ ಅಘನಾಶಿನಿಗೆ ಇದು ಬಹಳ ಒಪ್ಪುವ ವಿಧಾನ. 2024ರಲ್ಲಿ ಅದರ ಅಳಿವೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮಾನ್ಯತೆ ಸಿಕ್ಕಿದೆ. ಬಳಚು ಎಂಬ ಚಿಪ್ಪುಜೀವಿ ಆರಿಸುವವರು, ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು, ಪಾತಿದೋಣಿಯಲ್ಲಿ ಬೀಸುಬಲೆ ಹಾಕುವವರು, ಎಲ್ಲರ ಅನ್ನವೂ ಅಲ್ಲಿದೆ. ಪ್ರತಿ ತಿಂಗಳು ಒಂದೊಂದು ಲೀಟರ್ ನೀರು ಸೋಸಿ ಇಟ್ಟರೆ ವರ್ಷಗಳ ನಂತರವೂ ಹೋಲಿಸಬಹುದಾದ ದಾಖಲೆಯಾಗುತ್ತದೆ. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಅಳಿವೆಯಲ್ಲಿ ಭರತದ ನೀರು ಕಡಲಿನ ಡಿಎನ್‌ಎಯನ್ನು ಒಳಗೆ ತರುತ್ತದೆ, ಹೊಳೆ ಮೇಲಿನದನ್ನು ಕೆಳಗೆ ತರುತ್ತದೆ. ಆದ್ದರಿಂದ ನೀರು ತೆಗೆದ ಹೊತ್ತು ಭರತದ್ದೋ ಇಳಿತದ್ದೋ ಎಂಬುದನ್ನು ಬರೆಯದಿದ್ದರೆ ಉಪಯೋಗವಿಲ್ಲ. ಇನ್ನೊಂದು, ನೀರಿನಲ್ಲಿ ಸಿಕ್ಕ ಸಾಲನ್ನು ಹೋಲಿಸಲು ನಮ್ಮ ಮೀನುಗಳ ಸಾಲುಗಳು ಮೊದಲೇ ಸಂಗ್ರಹದಲ್ಲಿರಬೇಕು. ಇಲ್ಲವಾದರೆ ಘಟ್ಟದ ನಮ್ಮದೇ ಮೀನಿಗೆ ಯಂತ್ರ ಬೇರೆ ದೇಶದ ಹತ್ತಿರದ ನೆಂಟನ ಹೆಸರನ್ನು ಕೊಟ್ಟುಬಿಡುತ್ತದೆ.

ಸಾಕಣೆಯ ವಿಷಯದಲ್ಲಿ ಯುವಕರಿಗೆ ಹೆಚ್ಚು ಕುತೂಹಲವಿತ್ತು. ಕಾರವಾರದ ಸುತ್ತ ಪಂಜರಗಳಲ್ಲಿ ಸಾಕುವ, ಇಂಗ್ಲಿಷಿನಲ್ಲಿ ಸೀಬಾಸ್ ಎನ್ನುವ ಕುರುಡಿ ಮೀನಿನ ಜೀನೋಮ್ 2016ರಲ್ಲಿ ಪ್ರಕಟವಾಯಿತು. ಆ ಸಂಶೋಧಕರು ಅದು ಬದುಕುವ ಪ್ರದೇಶದ ಉದ್ದಗಲದಿಂದ ತಂದ 61 ಮೀನುಗಳನ್ನು ಹೋಲಿಸಿ, ಭಾರತದ ಕಡೆಯ ಕುರುಡಿ, ಆಗ್ನೇಯ ಏಷ್ಯಾದ್ದು ಮತ್ತು ಆಸ್ಟ್ರೇಲಿಯಾದ್ದು ಸ್ಪಷ್ಟವಾಗಿ ಬೇರೆ ಬೇರೆ ಗುಂಪುಗಳೆಂದು ತೋರಿಸಿದರು. ಮರಿ ಕೊಳ್ಳುವವರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಬಿರುಗಾಳಿಗೆ ಪಂಜರ ಹರಿದರೆ ಒಳಗಿನ ಮೀನು ಕಾಳಿಯ ಅಳಿವೆಗೆ ಸೇರುತ್ತದೆ. ಅದು ಈ ನೀರಿನ ವಂಶದ್ದೇ ಆಗಿದ್ದರೆ ಚಿಂತೆ ಕಡಿಮೆ. ಮರಿ ಯಾವ ತಾಯಿಮೀನಿನಿಂದ ಬಂದದ್ದು ಎಂಬ ದಾಖಲೆಯನ್ನು ಕೇಳಿ ಪಡೆಯುವ ರೂಢಿ ಬೆಳೆಯಬೇಕು. ಕುರುಡಿಯ ಬಗ್ಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು: ಅದು ಗಂಡಾಗಿ ಬಲಿತು, ಕೆಲವು ವರ್ಷಗಳ ಮೇಲೆ ಹೆಣ್ಣಾಗುತ್ತದೆ. ಅದೇ ಮೀನು, ಅದೇ ಜೀನೋಮ್. ಅಕ್ಷರಗಳು ಬದಲಾಗುವುದಿಲ್ಲ, ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಎಂಬ ಗುರುತುಗಳು ಬದಲಾಗುತ್ತವೆ. ಪಾಠ ಓದಿದರೆ ಬದುಕೆಲ್ಲ ತಿಳಿದಂತೆ ಎಂದುಕೊಳ್ಳುವವರಿಗೆ ಕುರುಡಿಯೇ ಉತ್ತರ.

ತಳಿ ಸುಧಾರಣೆಯಲ್ಲಿ ಜೀನೋಮ್ ಏನು ಮಾಡಬಲ್ಲದು ಎಂಬುದಕ್ಕೆ ಸಾಲ್ಮನ್ ಸಾಕಣೆ ಸಾಕ್ಷಿ. ಅಲ್ಲಿ ಮರಿಗಳನ್ನು ಕೊಲ್ಲುತ್ತಿದ್ದ ಒಂದು ವೈರಾಣು ರೋಗವನ್ನು ತಡೆಯುವ ಶಕ್ತಿ ಬಹುಪಾಲು ಜೀನೋಮಿನ ಒಂದೇ ಜಾಗದಲ್ಲಿದೆ ಎಂದು 2008ರ ಹೊತ್ತಿಗೆ ಸ್ಕಾಟ್ಲೆಂಡ್ ಮತ್ತು ನಾರ್ವೆಯ ವಿಜ್ಞಾನಿಗಳು ಕಂಡುಕೊಂಡರು. ಆ ಗುರುತು ಇರುವ ತಾಯಿ ತಂದೆಗಳನ್ನೇ ಆರಿಸಿದಾಗ ಸಾವು ಬಹಳ ಇಳಿಯಿತು. ನಮ್ಮಲ್ಲಿ ಜೀನೋಮ್ ಓದುವ ಮೊದಲೇ, ತಲೆಮಾರಿನಿಂದ ತಲೆಮಾರಿಗೆ ಚೆನ್ನಾಗಿ ಬೆಳೆಯುವ ಮೀನುಗಳನ್ನು ಆರಿಸುತ್ತ ಹೋಗಿ, ಭುವನೇಶ್ವರದ ಸಂಸ್ಥೆ 1997ರಲ್ಲಿ ಜಯಂತಿ ರೋಹು ತಳಿಯನ್ನು ಬಿಡುಗಡೆ ಮಾಡಿತ್ತು. ಅದೇ ತಾಳ್ಮೆ ಮತ್ತು ಈ ಹೊಸ ಓದು ಸೇರಿದರೆ ನಮ್ಮದೇ ಸೆಟ್ಲಿಗೂ, ಅಂದರೆ ಸಿಗಡಿಗೂ, ಒಳ್ಳೆಯದಾಗಬಹುದು. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕಿ ರೋಗ ಬಂದು ಕುಮಟಾ, ಅಂಕೋಲಾ ಕಡೆಯ ಸೆಟ್ಲಿ ಕೆರೆಗಳು ಹಾಳಾದದ್ದನ್ನು ಇಲ್ಲಿಯವರು ಮರೆತಿಲ್ಲ. ಮುಂದೆ 2009ರಿಂದ ದೇಶದಲ್ಲಿ ಅಮೆರಿಕ ಮೂಲದ ವನ್ನಾಮೈ ಸೆಟ್ಲಿಯ ಸಾಕಣೆ ಶುರುವಾಯಿತು. ಬಂಡೆಗೆ ಅಂಟಿ ಬೆಳೆಯುವ ಹಸಿರು ನೀಲಿಕಲ್ಲು ಎಂಬ ಚಿಪ್ಪುಜೀವಿಯ ಜೀನೋಮ್ ಕೂಡ 2024ರಲ್ಲಿ ನಮ್ಮ ವಿಜ್ಞಾನಿಗಳಿಂದಲೇ ಪ್ರಕಟವಾಗಿದೆ.

ಸಭೆಯಲ್ಲಿ ಬಂದ ಅತ್ಯಂತ ಕಠಿಣ ಪ್ರಶ್ನೆ ಹಕ್ಕಿನದು. ನಮ್ಮ ಹೊಳೆಯ ಮೀನಿನ ಪಾಠವನ್ನು ಎಲ್ಲರೂ ನೋಡಬಹುದಾದ ಸಂಗ್ರಹಕ್ಕೆ ಹಾಕಿದ ಮೇಲೆ, ಅದರಿಂದ ಯಾರೋ ದೂರದವರು ಲಾಭ ಮಾಡಿಕೊಂಡರೆ ನಮಗೇನು ಎಂದು ಸಹಕಾರ ಸಂಘದ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಜನರ ಪಾಲನ್ನು ಒಪ್ಪುತ್ತದೆ. ಡಿಎನ್‌ಎಯ ಅಕ್ಷರರೂಪದ ಮಾಹಿತಿಯಿಂದ ಲಾಭ ಪಡೆಯುವವರು ಅದರಲ್ಲಿ ಒಂದು ಪಾಲನ್ನು ಹಂಚಿಕೊಳ್ಳಲು ನಿಧಿಯೊಂದನ್ನು ತೆರೆಯುವ ಬಗ್ಗೆ 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ದೇಶಗಳು ನಿರ್ಣಯ ಮಾಡಿವೆ. ಆದರೆ ಪಾಲು ಕೇಳಬೇಕಾದರೆ ಆ ಮೀನು ಎಲ್ಲಿಂದ ಬಂತು, ಅದರ ಬಗ್ಗೆ ಯಾರು ತಿಳಿಸಿದರು ಎಂಬುದು ಎಲ್ಲಿಯಾದರೂ ಬರೆದಿರಬೇಕಲ್ಲವೇ? ಪಂಚಾಯತಿ ಮಟ್ಟದ ಜೀವವೈವಿಧ್ಯ ದಾಖಲೆಗಳಲ್ಲಿ ಎಷ್ಟೋ ಕಡೆ ಮೀನಿನ ಪುಟಗಳು ಬಹಳ ತೆಳುವಾಗಿವೆ. ಅಂಬಿಗರು, ಖಾರ್ವಿಗಳು, ಹರಿಕಂತ್ರರು, ಗಾಬಿತರು ಬಳಸುವ ಹೆಸರುಗಳು, ಮೀನು ಮೊಟ್ಟೆ ಇಡುವ ಮಡುಗಳು, ಮೊದಲ ಮಳೆಗೆ ಅದು ಹತ್ತುವ ತೋಡುಗಳು ಅಲ್ಲಿ ದಾಖಲಾದರೆ, ಆ ದಾಖಲೆಯ ಸಂಖ್ಯೆಯನ್ನೇ ಜೀನೋಮಿನ ಸಂಗ್ರಹದಲ್ಲಿಯೂ ನಮೂದಿಸಲು ಸಾಧ್ಯವಿದೆ.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಬೋಟುಗಳು ಮತ್ತೆ ಇಳಿಯುವ ಅಗಸ್ಟ್ ಮೊದಲ ವಾರಗಳಲ್ಲಿ ಸಿಗುವ ತಾರ್ಲೆಯಲ್ಲಿ ಮೊಟ್ಟೆ ತುಂಬಿದ ಮೀನುಗಳು ಇನ್ನೂ ಇರುತ್ತವೆ. ಬಳಗ ಗುರುತಿಸಲು ಅವೇ ಬೇಕು, ಏಕೆಂದರೆ ಆಹಾರ ಹುಡುಕುವಾಗ ಬಳಗಗಳು ಬೆರೆತಿರಬಹುದು, ಮೊಟ್ಟೆ ಇಡುವ ಹೊತ್ತಿಗೆ ತಮ್ಮ ತಮ್ಮ ನೀರಿಗೆ ಮರಳಿರುತ್ತವೆ. ಈ ಅಗಸ್ಟ್‌ನಲ್ಲಿ ಮಾಜಾಳಿಯಿಂದ ಭಟ್ಕಳದವರೆಗೆ ಬಂದರುಗಳಲ್ಲಿ ನಾನು ಮತ್ತು ನನ್ನ ವಿದ್ಯಾರ್ಥಿಗಳು ಮಾದರಿ ತೆಗೆಯಲಿದ್ದೇವೆ. ಪ್ರತಿ ದೋಣಿಯಿಂದ ಹತ್ತು ಮೀನು ಸಾಕು. ಬಲೆ ಹಾಕಿದ ಜಾಗ, ಆಳ ಮತ್ತು ಹೊತ್ತನ್ನು ಹೇಳುವ ಒಬ್ಬರು ಜೊತೆಗಿದ್ದರೆ ಆ ಹತ್ತು ಮೀನು ನೂರಕ್ಕೆ ಸಮ. ನಮ್ಮ ನಮೂನೆಯ ಮೊದಲ ಅಂಕಣದಲ್ಲಿ ಹಿಂದೆ ಶಾಸ್ತ್ರೀಯ ಹೆಸರು ಇರುತ್ತಿತ್ತು. ಈಗ ಅಲ್ಲಿ "ಯಾವ ನೀರಿನದು, ಹೇಳಿದವರು ಯಾರು" ಎಂದು ಅಚ್ಚು ಹಾಕಿಸಿದ್ದೇವೆ, ಹೇಳಿದವರು ಒಪ್ಪಿದರೆ ಮಾತ್ರ ಅವರ ಹೆಸರು ಬರೆಯುತ್ತೇವೆ. ಬೈತಕೋಲಿನ ಆ ಹಿರಿಯ ಹೆಂಗಸು ಒಪ್ಪಿದ್ದಾರೆ. ತಾರ್ಲೆ ಎಲ್ಲಿ ಹೋಯಿತು ಎಂಬ ಅವರ ಪ್ರಶ್ನೆಗೆ, ಮೊದಲು ಅದು ಯಾವ ತಾರ್ಲೆ ಎಂದು ತಿಳಿಯಬೇಕು, ಅದಕ್ಕೆ ನಿಮ್ಮ ಕಣ್ಣು ಬೇಕು ಎಂದು ಈ ಸಲ ನಾನು ಹೇಳಿದಾಗ, ನಸುಕಿನ ನಾಲ್ಕು ಗಂಟೆಗೆ ಬಾ, ಐದಕ್ಕೆ ಬಂದರೆ ದೋಣಿ ಮೀನೂ ಲಾರಿ ಮೀನೂ ಬೆರೆತು ಹೋಗಿರುತ್ತದೆ ಎಂದರು.